ಎಲ್ಲದಕ್ಕೂ ತಲೆಯಾಡಿಸುತ್ತಿದ್ದ ನಮ್ಮ ದೊಡ್ಡಮ್ಮನ ಪರವಾಗಿ

ಕಿವುಡರ ಕಲ್ಯಾಣವನ್ನು ನಾಲ್ಕನೇ ಮಹಡಿಯಿಂದ ನೋಡಿಕೊಳ್ಳುತ್ತಿರುವ ಮಾನ್ಯ ನಿರ್ದೇಶಕರೇ,

ತಮ್ಮ ಕಚೇರಿ ನನಗೆ ದಯಪಾಲಿಸಿದ ಸನ್ನೆ ಭಾಷೆಯ ಪ್ರಮಾಣಪತ್ರವನ್ನು ಇದರೊಂದಿಗೆ ಹಿಂತಿರುಗಿಸುತ್ತಿದ್ದೇನೆ. ಅದು ನಮ್ಮ ದೊಡ್ಡಮ್ಮನನ್ನು ಕೊಂದಿತೆಂದರೆ ಅತಿಯಾದೀತು. ಕೊಂದವನು ನಾನು. ಅದು ನನಗೆ ಧೈರ್ಯ ಕೊಟ್ಟಿತು, ಅಷ್ಟೆ.

ಹೋದ ವರ್ಷ ತಮ್ಮ ಕೋಣೆಗೇ ನುಗ್ಗಿ ಒಂದು ಪ್ರಶ್ನೆ ಕೇಳಿದ್ದೆ, ನೆನಪಿದೆಯೇ? "ಸಾರ್, ಸಂತೇಲಿ ಕಿವುಡು ಹೆಂಗಸರು ಆಡೋ ಕೈಮಾತು ಒಂಥರಾ ಇದೆ, ನಿಮ್ಮ ಪುಸ್ತಕದ್ದು ಇನ್ನೊಂಥರಾ ಇದೆ. ಹೊಸಬ ಯಾವುದು ಕಲೀಬೇಕು?" ತಾವು ಕನ್ನಡಕದ ಮೇಲಿಂದ ನೋಡಿ ನಕ್ಕಿರಿ. "ಅದೆಲ್ಲ ಸಂತೆ ಸನ್ನೆ ಕಣಯ್ಯ. ಅದಕ್ಕೊಂದು ಪುಸ್ತಕ ಇದೆಯಾ, ಪರೀಕ್ಷೆ ಇದೆಯಾ? ಸುಮ್ನೆ ಇದನ್ನ ಕಲಿ." ಕಲಿತೆ. ನಾಲ್ಕು ತಿಂಗಳಲ್ಲಿ ಬಾಯಲ್ಲಿ ಆಡುವ ವಾಕ್ಯವನ್ನು ಪದಕ್ಕೆ ಪದ, ಪ್ರತ್ಯಯದ ಬಾಲಕ್ಕೆ ಬಾಲ ಜೋಡಿಸಿ ಬೆರಳಲ್ಲಿ ಆಡಿಸುವಷ್ಟು ಪಂಡಿತನಾದೆ.

ನನ್ನ ದೊಡ್ಡಮ್ಮ ಸುಮಿರಾ, ಅಮ್ಮನ ಅಕ್ಕ, ಹುಟ್ಟು ಕಿವುಡಿ. ಮರ್ಬಾಬು ಬೆಟ್ಟದ ಕೆಳಗಿನ ನಮ್ಮ ಸಂತೆಯಲ್ಲಿ ಸೋಯಾಕಾಳು ಹುದುಗಿಸಿ ಬಾಳೆಲೆಯಲ್ಲಿ ಕಟ್ಟಿದ ಟೆಂಪೆ ಮಾರುತ್ತಿದ್ದಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮನೆಯಲ್ಲಿ ನಾವು ಅವಳ ಜೊತೆ ಬೆರಳು ತೋರಿಸಿಯೇ ಕಾಲ ಹಾಕಿದವರು. ಅವಳಿಗೊಂದು ಅಭ್ಯಾಸ: ಕಿವಿ ಕೇಳುವವರು ಏನೇ ಕೇಳಲಿ, ನಗುತ್ತ ಹೌದೆಂದು ತಲೆಯಾಡಿಸುವುದು. ಚಿಕ್ಕಂದಿನಲ್ಲಿ ನಾನು ಪರಮ ಗಾಂಭೀರ್ಯದಿಂದ ಅವಳ ಮುಂದೆ ಕೈಕಟ್ಟಿ ನಿಂತು, "ದೊಡ್ಡಮ್ಮಾ, ನೀನು ಎಮ್ಮೆ ತಾನೇ?" ಅನ್ನುತ್ತಿದ್ದೆ. ತಲೆಯಾಡಿಸುತ್ತಿದ್ದಳು. ಕೇರಿಯ ಮಕ್ಕಳೆಲ್ಲ ಬಿದ್ದು ಬಿದ್ದು ನಗುತ್ತಿದ್ದವು. ಪ್ರಮಾಣಪತ್ರ ಬಂದ ದಿನ ಅವಳೆದುರು ನಾನೊಂದು ಸನ್ನೆ ಭಾಷಣವನ್ನೇ ಮಾಡಿದೆ. ಅದಕ್ಕೂ ತಲೆಯಾಡಿಸಿದಳು. ಎಮ್ಮೆಯ ಆಟ ಗೊತ್ತಿದ್ದ ನಾನೇ, ಆಹಾ, ಅರ್ಥವಾಯಿತೆಂದು ಬೀಗಿದೆ. ಸರ್ಕಾರದ ಮೊಹರು ಮನುಷ್ಯನನ್ನು ಎಷ್ಟು ಬೇಗ ದಡ್ಡನನ್ನಾಗಿಸುತ್ತದೆ, ನೋಡಿ!

ಮಳೆಗಾಲದ ಒಂದು ಬೆಳಿಗ್ಗೆ ಅವಳು ಅಂಗಡಿಯಲ್ಲೇ ಬೆವೆತು ಕುಸಿದು ಕೂತಳು. ಆಸ್ಪತ್ರೆಯಲ್ಲಿ ಡಾಕ್ಟರು, "ಎದೆನೋವೇನೂ ಇಲ್ಲ ತಾನೆ? ಕೇಳಿ ನೋಡಪ್ಪ" ಅಂದರು. ಅವಳ ಎದೆಯ ಮೇಲೆ ಕೈಯಿಟ್ಟು ಮುಖ ಕಿವುಚಿ ತೋರಿಸಿದ್ದರೆ ಸಾಕಿತ್ತು. ಆದರೆ ನಾನು ಪಾಸಾದವನು! ಪುಸ್ತಕದ ಪ್ರಕಾರ 'ಎದೆನೋವೇನೂ ಇಲ್ಲ ತಾನೆ?' ಎಂದು ಪೂರ್ತಿ ವಾಕ್ಯ ಕಟ್ಟಿ ಕೇಳಿದೆ. ಅವಳು ನನ್ನ ಕೈಗಳನ್ನೇ ನೋಡಿದಳು, ನಕ್ಕಳು, ತಲೆಯಾಡಿಸಿದಳು.

"ಇಲ್ವಂತೆ ಡಾಕ್ಟ್ರೇ," ಅಂದೆ.

ಗ್ಯಾಸಿಗೆ ಮಾತ್ರೆ ಕೊಟ್ಟು ಕಳಿಸಿದರು. ಮೂರನೇ ದಿನ, ಸೋಯಾಕಾಳು ನೆನೆಹಾಕಿದ ಪಾತ್ರೆಯ ಪಕ್ಕದಲ್ಲಿ ಅವಳು ಮತ್ತೆ ಬಿದ್ದಳು. ಏಳಲಿಲ್ಲ.

ಈಗ ಪಕ್ಕದ ಅಂಗಡಿಯ ವಾರ್ಸಿನಿ ನನಗೆ ಗುರು. ಅವರೂ ಕಿವುಡಿ, ದೊಡ್ಡಮ್ಮನ ಗೆಳತಿ. ತಾವು ಹೀಗಳೆದ ಸಂತೆ ಸನ್ನೆಯಲ್ಲಿ ಇಡೀ ಲೋಕವಿದೆ ಸ್ವಾಮಿ. ಚಾಡಿಯಿದೆ, ಪೋಲಿ ಜೋಕುಗಳಿವೆ, ಪ್ರಾರ್ಥನೆಯೂ ಇದೆ. ಆರು ತಿಂಗಳು ಕಲಿತ ಮೇಲೆ ಧೈರ್ಯ ಮಾಡಿ ಕೇಳಿದೆ: ಅವತ್ತು ದೊಡ್ಡಮ್ಮನಿಗೆ ಎದೆ ನೋಯುತ್ತಿತ್ತೇ?

ವಾರ್ಸಿನಿ ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು. ಆಮೇಲೆ ಸನ್ನೆಯಲ್ಲಿ ಹೇಳಿದರು: "ಹದಿನೈದು ದಿನದಿಂದ ನೋಯ್ತಿತ್ತು ಮಗಾ. ನಮಗೆಲ್ಲಾ ಹೇಳಿದ್ದಳು."

"ಮತ್ತೆ ನಂಗ್ಯಾಕೆ ತಲೆಯಾಡಿಸಿದ್ಲು?"

"ನಿನಗೆ ಯಾವಾಗ ತಾನೇ ಆಡಿಸಿಲ್ಲ? ಎಮ್ಮೆ ಅಂತೇನೋ ಛೇಡಿಸ್ತೀಯ ಅಂತ ಅವಳಿಗೆ ಗೊತ್ತಿರಲಿಲ್ವಾ? ನಮ್ಮ ಹತ್ರ ಹೇಳಿ ನಗೋಳು: 'ಅಷ್ಟು ಆಸೆಯಿಂದ ಮುಖ ನೋಡ್ತಾನೆ, ಇಲ್ಲ ಅನ್ನೋಕೆ ಮನಸ್ಸೇ ಬರಲ್ಲ.'"

ತಮ್ಮ ಪುಸ್ತಕ ಶಾಲೆಯಲ್ಲಿ ಅದನ್ನೇ ಓದಿದ ಮಕ್ಕಳಿಗೆ ಉಪಯೋಗವಾಗಬಹುದು, ಸುಡಿ ಎನ್ನುತ್ತಿಲ್ಲ. ನನ್ನ ಬೇಡಿಕೆ ಇಷ್ಟೇ. ಇನ್ನು ಮುಂದೆ ಯಾವ ಹೊಸಬನಾದರೂ ಬಂದು ಯಾವುದು ಕಲೀಬೇಕೆಂದು ಕೇಳಿದರೆ, ಪುಸ್ತಕ ತೆಗೆಯುವ ಮುಂಚೆ "ಯಾರ ಜೊತೆ ಮಾತಾಡಬೇಕಪ್ಪ?" ಎಂದು ಕೇಳಿ. ವಾರ್ಸಿನಿಯಂಥವರನ್ನು ಸಂಬಳ ಕೊಟ್ಟು ಗುರುಗಳ ಕುರ್ಚಿಯಲ್ಲಿ ಕೂರಿಸಿ. ಮೊದಲ ಪಾಠವಾಗಿ, ಎದುರಿಗಿರುವವರು ತಲೆಯಾಡಿಸಿದ ಮಾತ್ರಕ್ಕೆ ನಂಬಬಾರದೆಂದು ಕಲಿಸಿ.

ಇದನ್ನು ಓದಿ ತಾವು ಹೌದು, ಹೌದು ಎಂದು ತಲೆಯಾಡಿಸುತ್ತೀರಿ, ಗೊತ್ತು. ಈ ಸಲ ನಾನು ನಂಬುವುದಿಲ್ಲ.

ಇಂತಿ,
ತಮ್ಮಲ್ಲಿ ಪಾಸಾಗಿ, ಸಂತೆಯಲ್ಲಿ ಮತ್ತೆ ಒಂದನೇ ಕ್ಲಾಸಿಗೆ ಸೇರಿದ
ಜತ್ಮಿಕೊ