ಸೂಕ್ತ ಸಾಧನವನ್ನು ಆಯ್ಕೆಮಾಡಿ

ಮನೆಯಿಂದ,
ಬುಧವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಹೇಗಿದ್ದೀಯೇ? ಹೊಟ್ಟೆ ತೊಳಸೋದು ನಿಂತಿತಾ? ಹಡಗಿನವರು ಹೊತ್ತಿಗೆ ಸರಿಯಾಗಿ ಊಟ ಕೊಡ್ತಾರಾ, ಇಲ್ಲ ನೀನೇ ಸಮುದ್ರದ ತಳದ ವಿಡಿಯೋ ಹಿಡೀತಾ ಹಿಡೀತಾ ಊಟ ಮರೀತೀಯಾ? ನಿನ್ನ ಫೋನಂತೂ ಸಿಗಲ್ಲ. ಬರೆದದ್ದನ್ನು ಮಾತ್ರ ಸಂಜೆ ಕಳಿಸ್ತೀವಿ, ವಿಡಿಯೋ ಗಿಡಿಯೋ ಎಲ್ಲ ಹಡಗು ಬಂದರಿಗೆ ಬಂದಮೇಲೇ ಅಂದರು ನಿಮ್ಮ ಆಫೀಸಿನವರು. ಅದಕ್ಕೇ ಬರೀತಿದ್ದೀನಿ.

ಅಪ್ಪನ ಗಂಟಲಿನ ಆಪರೇಷನ್ ನಾಳೆ ಬೆಳಿಗ್ಗೆ. ಡಾಕ್ಟರ್ ಸುತ್ತಿ ಬಳಸಿ ಹೇಳಲಿಲ್ಲ. ಧ್ವನಿಪೆಟ್ಟಿಗೆಯನ್ನೇ ತೆಗೀಬೇಕು, ಜೀವ ಉಳಿಯುತ್ತೆ, ದನಿ ಉಳಿಯಲ್ಲ ಅಂದುಬಿಟ್ಟರು. ಇಷ್ಟು ವರ್ಷ ಬಸ್ಸಿನಲ್ಲಿ "ಒಳಗೆ ನಡೀರಿ, ಒಳಗೆ ನಡೀರಿ" ಅಂತ ಕೂಗಿದ ಕಂಡಕ್ಟರಿಗೆ ಹೇಗಾಗಿರಬೇಡ! ಒಪ್ಪಿಗೆ ಕಾಗದ ಮುಂದಿಟ್ಟರೆ ಪೆನ್ನು ಮುಟ್ಟಲಿಲ್ಲ. "ಮೊದಲು ಮಗಳಿಗೆ ನಾಲ್ಕು ಮಾತು ಹೇಳ್ತೀನಿ, ಅದನ್ನ ಹಿಡಿದಿಡು. ಆಮೇಲೆ ಸಹಿ" ಅಂದರು. ಸಂಜೆಯೊಳಗೆ ಆಸ್ಪತ್ರೆ ಸೇರಬೇಕು.

ನೀನು ಬಿಟ್ಟುಹೋದ ಲ್ಯಾಪ್‌ಟಾಪ್ ತೆಗೆದು ವೆಬ್‌ಕ್ಯಾಮ್ ಚುಚ್ಚಿದೆ. ರೆಕಾರ್ಡ್ ಮಾಡೋದು ಹೇಗೆ ಅಂತ ನಿಮ್ಮ ಆಫೀಸಿನ ಹೊಸಬರಿಗಾಗಿ ನೀನೇ ಬರೆದ ಪುಟ ಇದೆಯಲ್ಲ, ಅದನ್ನೂ ತೆರೆದಿಟ್ಟುಕೊಂಡೆ. "ಸೂಕ್ತ ಇನ್‌ಪುಟ್ ಸಾಧನವನ್ನು ಆಯ್ಕೆಮಾಡಿ." ಅಲ್ಲ ಕಣೇ, ಸೂಕ್ತವಾದದ್ದು ಯಾವುದು ಅಂತ ಗೊತ್ತಿದ್ದರೆ ನಿನ್ನ ಪುಟ ಯಾಕೆ ಓದ್ತಿದ್ದೆ? ಹೊಲಿಗೆ ಕಲಿಯೋಕೆ ಬರೋರಿಗೆ ನಾನು "ಸೂಕ್ತವಾಗಿ ಕತ್ತರಿಸಿ" ಅಂತ ಹೇಳಿ ಸುಮ್ಮನೆ ಕೂತರೆ ಬಟ್ಟೆ ಗತಿ ಏನು? ಕ್ಯಾಮೆರಾ ಏನೋ ಸಿಕ್ಕಿತು, ಅಪ್ಪನ ಮುಖ ಬಂತು. ಮೈಕ್ ಅನ್ನೋ ಕಡೆ ತಲೆಬುಡ ಇಲ್ಲದ ಮೂರು ಹೆಸರು. ಮೇಲಿದ್ದದ್ದೇ ಇರಲಿ ಅಂತ ಬಿಟ್ಟು ಕೆಂಪು ಗುಂಡಿ ಒತ್ತಿದೆ. "ನಾನಿದ್ದರೆ ನಿಮಗೆ ಸಂಕೋಚ" ಅಂತ ಅಡುಗೆಮನೆಗೆ ಹೋದೆ.

ಮುಗಿಸಿ ಕರೆದರು. ಇಬ್ಬರೂ ಕೂತು ನೋಡಿದೆವು. ಅಪ್ಪನ ತುಟಿ ಆಡ್ತಿದೆ, ಒಂದು ಕಡೆ ನಗ್ತಾರೆ, ಒಂದು ಕಡೆ ಕಣ್ಣೊರೆಸ್ಕೊಳ್ತಾರೆ. ಕೇಳಿಸಿದ್ದು ಮಾತ್ರ ನಲ್ಲಿ ನೀರಿನ ಸದ್ದು, ಅದರ ಹಿಂದೆ ನಾನು. ಅಯ್ಯೋ ಗುಬ್ಬಿ! ನೀನು ಕೊಡಿಸಿದ ವೈರಿಲ್ಲದ ಹೆಡ್‌ಸೆಟ್ಟು ಅಳತೆ ಟೇಪಿನ ಜೊತೆ ನನ್ನ ಕುತ್ತಿಗೆಯಲ್ಲೇ ನೇತಾಡ್ತಿತ್ತು. ಲ್ಯಾಪ್‌ಟಾಪು ಅದನ್ನೇ ಮೈಕ್ ಅಂದುಕೊಂಡಿದೆ. ಯಾರಿಗೂ ಕೇಳಿಸಬಾರದು ಅಂತ ನಲ್ಲಿ ಬಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಿದ್ದು, "ಈ ಮನೇಲಿ ಅವರ ದನಿ ಇಲ್ಲದೆ ನಾನು ಹೇಗಿರಲಿ" ಅಂದಿದ್ದು, ಎಲ್ಲಾ ಅಪ್ಪನ ಬಾಯಿಂದ ಬಂದ ಹಾಗೆ ಬಂತು. ಡಾಕ್ಟರ್ ಹೇಳಿದ ದಿನದಿಂದ ಅಪ್ಪನೆದುರು ಕಲ್ಲಿನ ಹಾಗಿದ್ದೆ, "ನನಗೇನು ಭಯ, ನೀವು ಸುಮ್ಮನಿರಿ" ಅಂತ ರೇಗ್ತಿದ್ದೆ. ಮಾನ ಹೋಯ್ತು.

ಅಪ್ಪ ಪೂರ್ತಿ ಕೇಳಿದರು. ಕಾಗದ ಎಳ್ಕೊಂಡು ಸಹಿ ಹಾಕಿದರು. ಈಗ ಕಿಟಕಿ ಹತ್ತಿರ ಕೂತಿದ್ದಾರೆ. ಇನ್ನೊಂದು ಸಲ ಹೇಳಿ ಅಂತ ಕೇಳೋಕೆ ನನಗೆ ಬಾಯಿ ಬರ್ತಿಲ್ಲ. ಕೇಳದಿದ್ದರೆ ಅವರ ದನಿ ನಿನಗೆ ಇನ್ನೆಂದೂ ಇಲ್ಲ. ಆ ಪುಟವನ್ನು ಮೊದಲು ತಿದ್ದು, ನಿನ್ನ ದಮ್ಮಯ್ಯ. ಇನ್ನೊಬ್ಬರಿಗೆ ಹೀಗಾಗೋದು ಬೇಡ.

ನೀರಿನ ಮೇಲೆ ಹುಷಾರು. ನಿನಗೆ ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ ಸಿಗಲಿ.

ನಿನ್ನ
ಅಮ್ಮ

ಮತ್ತೆ: ಗಾಡಿ ಬಂದು ಬಾಗಿಲಲ್ಲಿ ನಿಂತಿದೆ, ಅವಸರದಲ್ಲಿ ಬರೀತಿದ್ದೀನಿ. ಅಪ್ಪನೇ ಎದ್ದು ಬಂದು ನನ್ನ ಕುತ್ತಿಗೆಯಿಂದ ಹೆಡ್‌ಸೆಟ್ ತೆಗೆದು ಆಫ್ ಮಾಡಿದರು. ಪಟ್ಟಿಯಲ್ಲಿ ಒಂದು ಹೆಸರು ಮಾಯ! ಉಳಿದೆರಡನ್ನು ಒಂದೊಂದಾಗಿ ಆರಿಸಿ ವೆಬ್‌ಕ್ಯಾಮ್ ಮೇಲೆ ಉಗುರಲ್ಲಿ ಟಕಟಕ ಬಡಿದೆ. ಒಂದಕ್ಕೆ ಪರದೆ ಮೇಲೆ ಹಸಿರು ಗೆರೆ ಕುಣೀತು. ನಿನ್ನ ಪುಟದಲ್ಲಿ ಇದನ್ನೇ ಬರಿ: ಉಗುರಲ್ಲಿ ಬಡೀರಿ, ಗೆರೆ ಕುಣಿದರೆ ಅದೇ ಮೈಕ್, ಆಮೇಲೆ ಒಂದು ಮಾತಾಡಿ ಕೇಳಿನೋಡಿ. ಅಪ್ಪ ನಿನಗೆ ಹೇಳಬೇಕಾದ್ದೆಲ್ಲ ಹೇಳಿದರು. ಕೇಳಿ ನೋಡಿದೆ, ದನಿ ಇದೆ. ಬಂದಮೇಲೆ ಕೇಳು. ಮೊದಲಿನದನ್ನು ಅಳಿಸೋಕೆ ಹೋದರೆ ನನ್ನ ಕೈ ಹಿಡಿದುಕೊಂಡರು. "ಇದು ಮಗಳಿಗೆ. ಅದು ನನಗೆ ಬೇಕು" ಅಂದರು.