ಬೆನ್ನಿನ ಗುರುತು

ಮಾರ್ಚ್ 4, ಬೆಳಗ್ಗೆ
ನೀರು ತಣ್ಣಗಿತ್ತು, ಗಾಳಿ ಇರಲಿಲ್ಲ. ಹುಟ್ಟು ಹಾಕಿ ಹಾಕಿ ಅಂಗೈಯ ಬೊಬ್ಬೆ ಮತ್ತೆ ಒಡೆಯಿತು. ಹಿಂದಿನ ಸೀಟಿನಿಂದ ಗುಬ್ಬಿಯ ಗೊಣಗಾಟ, "ಬೆನ್ನು ಬಗ್ಗಿಸ್ಬೇಡ ಕಣೇ!" ಹೆಸರಿಗೆ ಗುಬ್ಬಿ, ಆಳು ನನಗಿಂತ ಎತ್ತರ. ಆರು ವರ್ಷದಿಂದ ಇಬ್ಬರಿಗೂ ಒಂದೇ ದೋಣಿ. ಟೀಮಿಗೆ ಹೆಸರು ಕಳಿಸುವುದು ಇದೇ ತಿಂಗಳು.

ಮಾರ್ಚ್ 9
ಪೇಪರಿನಲ್ಲಿ ಭಾವನ ಫೋಟೊ! ಹುಡುಗರಿಗೆ ಶಕ್ತಿಯ ಇಂಜೆಕ್ಷನ್ ಕೊಟ್ಟು ಸಿಕ್ಕಿಬಿದ್ದು ನಿಷೇಧಕ್ಕೊಳಗಾದ ಹಳೆಯ ಕೋಚ್, ಹೋಟೆಲಿನಲ್ಲಿ ಒಬ್ಬ ಆಟಗಾರ್ತಿಯ ಜೊತೆ... ಅವಳ ಮುಖವಿಲ್ಲ, ಬೆನ್ನು ಮಾತ್ರ. ನಾನೇ. ಟೀಮಿನ ಜರ್ಕಿನ್ ಹಾಕಿಕೊಂಡು ಹೋಗಿದ್ದೆ, ಬುದ್ಧಿಗೇಡಿ. ಅಕ್ಕ ಅವನನ್ನು ಬಿಟ್ಟು ತವರಿನಲ್ಲಿ ಕೂತಿದ್ದಾಳೆ, ಅವಳ ಪರವಾಗಿ ಒಂದು ಮಾತು ಹೇಳೋಣವೆಂದು ಹೋದದ್ದು. ಅವನ ಸಹವಾಸ ಮಾಡಿದವರು ಟೀಮಿನಿಂದ ಹೊರಗೆ— ನಿಯಮ. ನಾದಿನಿಯಾದರೂ ಅಷ್ಟೇ.

ಮಾರ್ಚ್ 11
ವಿಚಾರಣೆಯ ಸಮಿತಿಯಿಂದ ಕರೆ, ಇಪ್ಪತ್ತಕ್ಕೆ ಬರಬೇಕಂತೆ. ಅಷ್ಟು ಹುಡುಗಿಯರಲ್ಲಿ ನನ್ನನ್ನೇ ಏಕೆ? ಯಾರೋ ಕಿವಿ ಊದಿದ್ದಾರೆ. ನನ್ನ ಬೆನ್ನು ಯಾರಿಗೆ ಗೊತ್ತು? ನನಗೇ ಗೊತ್ತಿಲ್ಲ! ದೋಣಿಯಲ್ಲಿ ನಾವು ಕೂರುವುದೇ ಗುರಿಗೆ ಬೆನ್ನು ಹಾಕಿ. ಹಿಂದೆ ಗುಬ್ಬಿ, ನನ್ನ ಬೆನ್ನಿಗೆ ಮುಖ ಮಾಡಿ. ಆ ಮುಖದಲ್ಲಿ ಏನು ನಡೆಯುತ್ತದೋ, ನಾನು ಕಂಡವಳಲ್ಲ.

ಮಾರ್ಚ್ 12
ಗುಬ್ಬಿ ಇಂದು ಬೈಯಲೇ ಇಲ್ಲ. ದೋಣಿ ಹೊತ್ತು ಒಳಗಿಡುವಾಗ ಕಣ್ಣು ತಪ್ಪಿಸಿದಳು.
"ನಿನ್ನೂ ಕರೆದಿದ್ರಾ?"
"ಹೂಂ."
"ಏನ್ ಹೇಳ್ದೆ?"
"ಯಾರಿಗೂ ಹೇಳ್ಬಾರ್ದು ಅಂದಿದಾರೆ. ನೀನೂ ಕೇಳ್ಬೇಡ."
ಮೈ ಉರಿಯಿತು. ನೇರ ನಮ್ಮ ಈಗಿನ ಕೋಚ್ ಸರ್ ಹತ್ತಿರ ಹೋದೆ. "ಅವಳ ಜೊತೆ ಇನ್ನು ಆಗಲ್ಲ ಸರ್. ಬೇರೆಯವರನ್ನ ಹಾಕಿ."
"ಈಗ ಜೋಡಿ ಒಡೆದ್ರೆ ಅವಳಿಗೆ ಬೇರೆ ದೋಣಿ ಇಲ್ಲಮ್ಮ. ಯೋಚ್ನೆ ಮಾಡು."
ಯೋಚಿಸಿಯೇ ಹೇಳುತ್ತಿದ್ದೇನೆ ಎಂದೆ.

ಮಾರ್ಚ್ 20, ಮಧ್ಯಾಹ್ನ
ನಾನು ಬಾಯಿ ತೆರೆಯುವ ಮೊದಲೇ ಸಮಿತಿಯ ಮೇಡಂ ನಕ್ಕರು. "ಅವರ ನಾದಿನಿ ಅಂತ ನಿಮ್ಮನ್ನ ಕರೆದ್ವಿ, ಅಷ್ಟೇ. ಯಾರೂ ನಿಮ್ಮ ಹೆಸರು ಎತ್ತಿಲ್ಲ. ನಿಮ್ಮ ದೋಣಿಯ ಜೊತೆಯವರಂತೂ, ‘ಆರು ವರ್ಷದಿಂದ ನೋಡ್ತಿದೀನಿ, ಇದು ಅವಳ ಬೆನ್ನೇ ಅಲ್ಲ’ ಅಂತ ಆಣೆ ಮಾಡಿದ್ರು."
ಸುಳ್ಳು ಆಣೆ. ನನಗಾಗಿ. ಸಿಕ್ಕಿಬಿದ್ದಿದ್ದರೆ ಅವಳೂ ಮುಳುಗುತ್ತಿದ್ದಳು.

ಮಾರ್ಚ್ 21, ಬೆಳಗ್ಗೆ
ಆಡಿದ ಮಾತು ವಾಪಸ್ ತೆಗೆದುಕೊಳ್ಳಲು ಕೋಚ್ ಸರ್ ಹತ್ತಿರ ಓಡಿದೆ. "ಟೀಮಿನ ಪಟ್ಟಿ ನಿನ್ನೆನೇ ಹೋಯ್ತಲ್ಲಮ್ಮ." ಅದರಲ್ಲಿ ನನ್ನ ಹೆಸರಿದೆ, ಗುಬ್ಬಿಯದಿಲ್ಲ.
ಹೊರಗೆ ಯಾರೋ ಅತ್ತ ತಿರುಗಿ ನಿಂತು ಹುಟ್ಟು ಒರೆಸುತ್ತಿದ್ದರು. ಹೊಸ ಹುಡುಗಿ ಇರಬೇಕೆಂದುಕೊಂಡೆ. "ಗುಬ್ಬಿ ಎಲ್ಲಿ, ನೋಡಿದ್ಯಾ?"
ತಿರುಗಿದಳು. ಗುಬ್ಬಿಯೇ.
"ನನ್ ಗುರ್ತು ಸಿಗ್ಲಿಲ್ವೇನೇ?"
ಆ ಬೆನ್ನನ್ನು ನಾನು ಒಂದು ದಿನವೂ ಸರಿಯಾಗಿ ನೋಡಿಲ್ಲ. ಹೇಳಬೇಕೆಂದಿದ್ದೆ, ನಾನೇ ನಿನ್ನನ್ನು ದೋಣಿಯಿಂದ ಇಳಿಸಿದ್ದು ಅಂತ—