ಲೊರ್ನಾ ಗೆಂಕಿ ಅಲ್ಲ

ಅಲ್ ಗರಾಫಾ, ಕತಾರ್
೧೨ ಜುಲೈ ೧೯೯೬, ಶುಕ್ರವಾರ

ಪ್ರೀತಿಯ ಮಾಜಿದಾ,

ನಿನಗೂ ಮನೆಯವರೆಲ್ಲರಿಗೂ ನನ್ನ ನೆನಪುಗಳು. ನಿನ್ನ ಎರಡು ಪತ್ರಗಳೂ ತಲುಪಿವೆ. ಮೊದಲನೆಯದು ಬಂದು ಆರು ವಾರವಾಯಿತು. ಪುರುಸೊತ್ತಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಮೂರು ಸಲ ಬರೆಯಲು ಕೂತು ಮೂರು ಸಲವೂ ಹರಿದು ಹಾಕಿದೆ. ಬಿ.ಎಡ್. ಓದುವಾಗ ಮಂಗಳೂರಿನ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದವರು. ಆಗ ನಿನ್ನಿಂದ ಏನನ್ನೂ ಮುಚ್ಚಿಟ್ಟವಳಲ್ಲ ನಾನು. ಕ್ಷಮಿಸು.

ಇಲ್ಲಿಯ ಸೆಕೆ ಹೇಳಿ ಪ್ರಯೋಜನವಿಲ್ಲ, ನಲ್ಲಿಯ ತಣ್ಣೀರೇ ಕೈ ಸುಡುತ್ತದೆ. ಯೂಸ್ಟೇಸ್ ಎಂದಿನಂತೆ ವಾರವೆಲ್ಲ ಮೆಸಯೀದ್‌ನ ಕಂಪೆನಿ ಕ್ವಾರ್ಟರ್ಸಿನಲ್ಲಿದ್ದು ಗುರುವಾರ ಸಂಜೆ ಬಸ್ಸಿನಲ್ಲಿ ಬರುತ್ತಾರೆ. ಈಗ ಊಟ ಮಾಡಿ ಒಳಗೆ ಮಲಗಿದ್ದಾರೆ. ಅವರು ಏಳುವುದರೊಳಗೆ ಇದನ್ನು ಮುಗಿಸಬೇಕು.

ನೀನು ಕೇಳಿದ್ದು ಒಂದೇ ಪ್ರಶ್ನೆ. ‘ನಶೀದಾ ಕೆಲಸ ಬಿಟ್ಟು ಯಾಕೆ ಬಂದಳು ಮಾರಾಯ್ತಿ? ಕೇಳಿದ್ರೆ ಮನಸ್ಸು ನಿಲ್ಲಲಿಲ್ಲ ಅಂತಾಳೆ, ಅಷ್ಟೆ. ನಿನ್ನ ಶಾಲೆಯ ಆಫೀಸಲ್ಲೇ ಇದ್ದವಳಲ್ವಾ, ನಿಂಗೆ ಗೊತ್ತಿರ್ಬೇಕು’ ಎಂದು ಬರೆದಿದ್ದೆ. ಗೊತ್ತುಂಟು. ನಿನ್ನ ತಂಗಿ ಬಿಟ್ಟು ಹೋದದ್ದು ನನ್ನ ದೆಸೆಯಿಂದ.

ನಮ್ಮದು ಹೆಂಗಸರಿಗೆ ಇಂಗ್ಲಿಷ್ ಕಲಿಸುವ ಸಣ್ಣ ಶಾಲೆ. ಮುಖ್ಯಸ್ಥೆ ಹೀದರ್ ಕೆನಡಾದವಳು. ಅವಳೂ ಇನ್ನಿಬ್ಬರು ಟೀಚರುಗಳೂ ಮೊದಲು ಜಪಾನಿನಲ್ಲಿ ಕಲಿಸುತ್ತಿದ್ದವರು. ಊರಿಗೆ ಹೋದಾಗ ನಮ್ಮ ಬಾಯಲ್ಲಿ ಅರಬಿಯ ಯಲ್ಲಾ, ಖಲಾಸ್ ಬರುವುದಿಲ್ಲವೇ, ಹಾಗೆ ಅವರ ಇಂಗ್ಲಿಷಿನ ನಡುವೆ ಜಪಾನಿ ಪದಗಳು ಬರುತ್ತವೆ. ವಾರಕ್ಕೊಮ್ಮೆ ದೂರದ ಉತ್ತರ ತುದಿಯ ಅಲ್ ಶಮಾಲ್‌ಗೆ ಹೋಗಿ ಪಾಠ ಮಾಡುವ ಸರದಿಗೆ ‘ಇನಾಕಾ’ ಎನ್ನುತ್ತಾರೆ. ಯಾರಿಗೂ ಅದು ಬೇಡ. ಹೆಚ್ಚಾಗಿ ನನಗೇ ಬರುತ್ತಿತ್ತು.

ಇನ್ನೊಂದು ಪದ ‘ಗೈಜಿನ್’. ನಾನು ಸ್ಟಾಫ್‌ರೂಮಿನ ಬಾಗಿಲು ತೆರೆದಾಗಲೆಲ್ಲ ಅದು ಕಿವಿಗೆ ಬಿದ್ದಂತಾಗುತ್ತಿತ್ತು. ಒಮ್ಮೆ ಅರ್ಥ ಕೇಳಿಯೇಬಿಟ್ಟೆ. ಹೀದರ್ ನಕ್ಕು, “ಹೊರಗಿನವರು ಅಂತ. ಅಲ್ಲಿ ನಮ್ಮನ್ನು ಹಾಗೆ ಕರೆಯುತ್ತಿದ್ದರು” ಎಂದಳು. ಹಾಗಾದರೆ ಇಲ್ಲಿ ಹೊರಗಿನವಳು ನಾನೇ ಎಂದುಕೊಂಡೆ. ಆಮೇಲೆ ಒಂದು ವಾರ ‘ಗೈಜಿನ್‌ಗಳ ಊಟ’ ಎಂದು ಮಾತಾಡಿಕೊಂಡರು. ಕರೆಯುತ್ತಾರೇನೋ ಎಂದು ಕಾದೆ. ಹೋದದ್ದು ಅವರು ಮೂವರೇ. ನನ್ನನ್ನೂ ಕರೆಯಲಿಲ್ಲ, ಈಜಿಪ್ಟಿನ ಟೀಚರನ್ನೂ ಕರೆಯಲಿಲ್ಲ. ಹೊರಗಿನವರು ಎಂಬ ಪದ ಅವರ ಬಾಯಲ್ಲಿ ‘ನಮ್ಮವರು’ ಎಂದಾಗಿತ್ತು. ಅಲ್ಲಿಂದ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಅವರು ಮೆಲ್ಲಗೆ ಆಡಿದ್ದೆಲ್ಲ ನನ್ನ ಬಗ್ಗೆಯೇ, ನಗುವುದೆಲ್ಲ ನನ್ನನ್ನು ನೋಡಿಯೇ ಎಂದು ತೋರತೊಡಗಿತು.

ಫೆಬ್ರವರಿಯಲ್ಲಿ ನನಗೆ ಹುಷಾರಿರಲಿಲ್ಲ. ಏನಾಗಿತ್ತೆಂದು ಈಗ ಕೇಳಬೇಡ. ಶಾಲೆಯಲ್ಲಿ ಇದ್ದಕ್ಕಿದ್ದಂತೆ ತೀರಾ ಕಷ್ಟವಾದಾಗ ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಶೀದಾ. ಯಾರಿಗೂ ಹೇಳಬೇಡವೆಂದು ಅವಳಿಂದ ಮಾತು ತೆಗೆದುಕೊಂಡೆ. ಆಫೀಸಿಗೆ ಜ್ವರವೆಂದು ಸುಳ್ಳು ಬರೆದು ನಾಲ್ಕು ದಿನ ರಜೆ ಹಾಕಿದೆ. ಕರಾರು ಹೊಸದಾಗುವ ಸಮಯ ಅದು. ಮೈಗೆ ಆಗದವಳೆಂದು ಗೊತ್ತಾದರೆ ಕೈಬಿಟ್ಟಾರೆಂಬ ಹೆದರಿಕೆ.

ಏಪ್ರಿಲ್‌ನಲ್ಲಿ ಜೆರಾಕ್ಸ್ ಮೆಷಿನ್ ಮೇಲೆ ಯಾರೋ ಮರೆತ ಹಾಳೆಯೊಂದು ಸಿಕ್ಕಿತು. ಮುಂದಿನ ವರ್ಷದ ಟೀಚರುಗಳ ಪಟ್ಟಿ. ನನ್ನ ಹೆಸರಿನ ಮುಂದೆ ಹೀದರಳ ಅಕ್ಷರದಲ್ಲಿ, ‘ಲೊರ್ನಾ ಗೆಂಕಿ ಅಲ್ಲ. ಯೋಚಿಸಬೇಕು.’

ಇನಾಕಾ, ಗೆಂಕಿ ಎರಡೂ ಪದಗಳನ್ನು ಚೀಟಿಯಲ್ಲಿ ಬರೆದು ಯೂಸ್ಟೇಸ್ ಕೈಗೆ ಕೊಟ್ಟೆ. ಅವರ ಪ್ಲಾಂಟಿನಲ್ಲಿ ವಯಸ್ಸಾದ ಒಬ್ಬ ಜಪಾನಿ ಇಂಜಿನಿಯರ್ ಇದ್ದಾರೆ. ಮುಂದಿನ ಗುರುವಾರ ಯೂಸ್ಟೇಸ್ ಬಂದವರೇ, “ಇನಾಕಾ ಅಂದ್ರೆ ಹಳ್ಳಿ, ಹುಟ್ಟಿದ ಊರು ಅಂತೆ. ಅದನ್ನು ಹೇಳುವಾಗ ಪಾಪ, ಅವರ ಅಮ್ಮನ ಫೋಟೋ ತೆಗೆದು ತೋರ್ಸಿದ್ರು” ಎಂದರು.

“ಗೆಂಕಿ?”

“ಆರೋಗ್ಯ. ನಾವು ಹುಷಾರಿದ್ದೀರಾ ಅಂತ ಕೇಳುದಿಲ್ವಾ, ಅದೇ. ಯಾಕೆ, ನಿಂಗೆಂತಕ್ಕೆ ಇದೆಲ್ಲ?”

ಸುಮ್ಮನೆ ಕೇಳಿದ್ದು ಎಂದು ಅಡುಗೆಮನೆಗೆ ಹೋದೆ. ಲೊರ್ನಾಗೆ ಆರೋಗ್ಯವಿಲ್ಲ! ಇದು ಹೀದರಳಿಗೆ ಹೇಗೆ ತಿಳಿಯಿತು? ಗೊತ್ತಿದ್ದವಳು ಒಬ್ಬಳೇ. ದಿನವೂ ಹೀದರಳ ಕೋಣೆಗೆ ಫೈಲು ಹಿಡಿದು ಹೋಗುವವಳೂ ಅವಳೇ.

ಶನಿವಾರ ಬೆಳಿಗ್ಗೆ ಅವಳ ಟೇಬಲ್ಲಿನ ಮುಂದೆ ನಿಂತು ಕೂಗಾಡಿದೆ. ನಿನ್ನ ತಂಗಿಯನ್ನು ಚಾಡಿಕೋರಿ ಎಂದೆ, ಮಾಜಿದಾ. ಪಕ್ಕದಲ್ಲಿ ಮಲಯಾಳಿ ಹೆಂಗಸರು ಇಬ್ಬರಿದ್ದರು. ಕನ್ನಡ ಬಾರದಿದ್ದರೂ ನಾನು ಬಯ್ಯುತ್ತಿದ್ದೇನೆಂದು ಅವರಿಗೆ ತಿಳಿಯುವಂತಿತ್ತು.

“ನಾನು ಯಾರತ್ರವೂ ಹೇಳ್ಲಿಲ್ಲ ಲೊರ್ನಕ್ಕ. ಉಮ್ಮನಾಣೆ” ಎಂದಳು.

“ಆಣೆ ಹಾಕ್ಬೇಡ. ಬರೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಿನ್ನನ್ನು ನಂಬಿದ್ದೇ ನನ್ನ ತಪ್ಪು.”

ಅವಳು ಅಳಲಿಲ್ಲ. ಮರುದಿನದಿಂದ ನಾನು ಕಂಡರೆ ಎದ್ದು ನಿಲ್ಲುತ್ತಿದ್ದಳು, ಅಪರಿಚಿತರಿಗೆ ನಿಲ್ಲುವ ಹಾಗೆ. ಮೇ ಮೊದಲ ವಾರ ರಾಜೀನಾಮೆ ಕೊಟ್ಟಳೆಂದು ತಿಳಿಯಿತು. ನಿನ್ನ ತಮ್ಮ ಮುಸ್ತಫಾ ಅಂಗಡಿಯಲ್ಲಿ ಸಿಕ್ಕಿದಾಗ, “ಅವಳಿಗೆ ಇಲ್ಲಿಯ ಗಾಳಿ ಹಿಡಿಸ್ಲಿಲ್ಲ ಅಂತ ಕಾಣ್ತದೆ ಅಕ್ಕ” ಎಂದ. ಹೌದೆಂದು ತಲೆಯಾಡಿಸಿದೆ. ತಪ್ಪಿತಸ್ಥೆ ತಾನಾಗಿಯೇ ಜಾಗ ಬಿಟ್ಟಳು ಎಂದೇ ಆಗ ನನ್ನ ಲೆಕ್ಕ.

ಜೂನ್ ಕೊನೆಗೆ ಹೀದರ್ ನನ್ನನ್ನು ಕರೆದಳು. “ವ್ಯಾಕರಣ ಕಲಿಸುವುದರಲ್ಲಿ ನಿನ್ನನ್ನು ಮೀರಿಸುವವರಿಲ್ಲ. ಆದರೆ ನೀನು ಗೆಂಕಿ ಅಲ್ಲ” ಎಂದಳು.

“ಈಗ ಹುಷಾರಾಗಿದ್ದೇನೆ” ಎಂದೆ.

ಅವಳಿಗೆ ಅರ್ಥವಾಗಲಿಲ್ಲ. “ಹುಷಾರು? ನಾನು ಹೇಳಿದ್ದು ನಿನ್ನ ಕ್ಲಾಸಿನ ಬಗ್ಗೆ. ಹಾಡಿಸುವುದಿಲ್ಲ, ಆಡಿಸುವುದಿಲ್ಲ, ನಗಿಸುವುದಿಲ್ಲ. ಜಪಾನಿನಲ್ಲಿ ನಮ್ಮ ಮಾಲೀಕರು ಗೆಂಕಿ, ಗೆಂಕಿ ಎಂದು ದಿನವೂ ತಲೆ ತಿನ್ನುತ್ತಿದ್ದರು. ಕುಣಿದು ಕಲಿಸುವ ಟೀಚರಿಗೆ ನಾವು ಹಾಗೆ ಹೇಳುತ್ತೇವೆ. ಅದಕ್ಕೆ ಬೇರೆ ಅರ್ಥವಿದೆ ಎಂಬುದೇ ನನಗೆ ಮರೆತುಹೋಗಿತ್ತು.”

“ನಶೀದಾ ನಿನಗೆ ಏನೂ ಹೇಳಿರಲಿಲ್ಲವೇ?”

“ನಶೀದಾಳೇ? ಏನು ಹೇಳಬೇಕಿತ್ತು?”

ಕೋಣೆಯಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ನನ್ನ ಕರಾರು ಇನ್ನೆರಡು ವರ್ಷಕ್ಕೆ ಹೊಸದಾಗಿದೆ ಎಂದು ಹೀದರ್ ಹಿಂದಿನಿಂದ ಕೂಗಿ ಹೇಳುತ್ತಿದ್ದಳು.

ಮರುದಿನ ಹೋಗಿ, ನಶೀದಾ ಬಿಟ್ಟದ್ದು ನನ್ನ ತಪ್ಪಿನಿಂದ ಎಂದು ಹೀದರಳಿಗೆ ಹೇಳಿದೆ. ಆ ಜಾಗಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ. ಸೆಪ್ಟೆಂಬರಿಗೆ ಬಂದರೆ ಸಂತೋಷ ಎಂದಿದ್ದಾಳೆ. ಆದರೆ ಬಾ ಎಂದು ಕರೆಯುವ ಮುಖ ನನಗಿಲ್ಲ. ಆಗಸ್ಟ್‌ನಲ್ಲಿ ಊರಿಗೆ ಬರುತ್ತೇನೆ, ಮೊದಲು ನಿಮ್ಮಲ್ಲಿಗೇ. ಅವಳು ಎದುರಿಗೆ ಬಾರದಿದ್ದರೆ ಒತ್ತಾಯ ಮಾಡಬೇಡ. ಜಗಲಿಯಲ್ಲಿ ಕೂತು ಕಾಯುತ್ತೇನೆ.

ನಿನ್ನ ಮಕ್ಕಳಿಗೆ ನನ್ನ ಮುತ್ತು. ದೇವರು ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ. ನಶೀದಾಳ ತಲೆಯ ಮೇಲೆ ಕೈಯಿಟ್ಟು ಹರಸುವ ಯೋಗ್ಯತೆ ನನಗಿಲ್ಲ, ನನ್ನ ಪಾಲಿನದನ್ನೂ ನೀನೇ ಹರಸು.

ಇತಿ ನಿನ್ನ
ಲೊರ್ನಾ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಕೊನೆಗಿಟ್ಟದ್ದು. ಫೆಬ್ರವರಿಯಲ್ಲಿ ಹೋದದ್ದು ಮಗು. ಮದುವೆಯಾಗಿ ಒಂಬತ್ತು ವರ್ಷಕ್ಕೆ ನಿಂತಿತ್ತು, ಮೂರನೇ ತಿಂಗಳು. ಗಟ್ಟಿಯಾದ ಮೇಲೆ ಹೇಳೋಣವೆಂದು ಯೂಸ್ಟೇಸ್‌ಗೂ ತಿಳಿಸಿರಲಿಲ್ಲ, ಇವತ್ತಿಗೂ ತಿಳಿಸಿಲ್ಲ. ಅದು ರಮಝಾನ್. ನಶೀದಾ ಉಪವಾಸದಲ್ಲೇ ಆ ದಿನವೆಲ್ಲ ನನ್ನ ಕೈ ಹಿಡಿದು ಕೂತಿದ್ದಳು. ಸಂಜೆ ಉಪವಾಸ ಬಿಡುವ ಬಾಂಗ್ ಆದ ಮೇಲೂ ಏಳಲಿಲ್ಲ, ನಾನು ಕೈ ಬಿಟ್ಟಿರಲಿಲ್ಲ. ನಿನ್ನ ಪತ್ರ ಓದಿದಾಗ ಗೊತ್ತಾಯಿತು, ಒಡಹುಟ್ಟಿದ ನೀನು ಕೇಳಿದರೂ ಅವಳು ಈ ಮಾತು ಹೊರಗೆ ಹಾಕಿಲ್ಲ.